ಮಲ್ಕಾಜ್‌ಗಿರಿಯ ಮನೆಗೆ ಬೆಲೆ ಕಟ್ಟಿದ್ದು

ಕಲಬುರಗಿಯಲ್ಲಿ ಬೆಳಗಿನ ರೈಲು ಹತ್ತಿದಾಗ ಜಿಟಿಜಿಟಿ ಮಳೆಯಿತ್ತು. ತಾಂಡೂರು ದಾಟುವಷ್ಟರಲ್ಲಿ ಬಿಸಿಲು ಬಿತ್ತು. ವಿಕಾರಾಬಾದಿನಲ್ಲಿ ಬುಟ್ಟಿ ಹೊತ್ತು ಬಂದ ಹೆಂಗಸಿನಿಂದ ಸೀತಾಫಲ ಕೊಂಡು, ಕಿಟಕಿಯ ಪಕ್ಕ ಕೂತು ತಿನ್ನುತ್ತ ಸಿಕಂದರಾಬಾದ್ ತಲುಪಿದೆ. ಮನೆ, ನಿವೇಶನಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಮದುವೆಗೆ ಮುಂಚೆ ಕೆಲವು ವರ್ಷ ಇದೇ ಊರಿನಲ್ಲಿ ಆ ಕೆಲಸ ಮಾಡಿದ್ದೆ. ಆ ಪರಿಚಯದಿಂದಲೇ ಈ ಕರೆ ಬಂದಿತ್ತು: ಇಲ್ಲಿನ ಮಲ್ಕಾಜ್‌ಗಿರಿಯಲ್ಲಿ ಅಣ್ಣ ತಂಗಿಗೆ ಸೇರಿದ ಮನೆ, ತಂಗಿಯ ಅರ್ಧ ಪಾಲನ್ನು ಅಣ್ಣ ಕೊಳ್ಳುತ್ತಾನೆ, ನ್ಯಾಯವಾದ ಬೆಲೆ ಹೇಳಬೇಕು.

ಆಟೋದವನು ಇನ್ನೂರು ಕೇಳಿದ. ನನ್ನ ತೆಲುಗು ಕೇಳಿದ ಮೇಲೆ ನೂರಿಪ್ಪತ್ತಕ್ಕೆ ಇಳಿದ.

ಬಸವರಾಜ ಗೇಟಿನಲ್ಲೇ ಕಾಯುತ್ತಿದ್ದ. ಗದಗ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದ ತಂದೆ ಕಟ್ಟಿಸಿದ ಮನೆ; ಮಗನೂ ರೈಲ್ವೆಯಲ್ಲೇ ಇದ್ದಾನೆ. ತಂಗಿ ಗಿರಿಜಾ ಉಪ್ಪಲ್‌ನಲ್ಲಿ ಶಾಲಾ ಶಿಕ್ಷಕಿ, ವಾಸವೂ ಅಲ್ಲೇ. “ಮೊದಲ ಊಟ ಮಾಡ್ರಿ ಅಕ್ಕಾರ” ಎಂದಳು. ವರದಿ ಕೊಡುವ ತನಕ ಈ ಮನೆಯಲ್ಲಿ ಚಹಾ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಹೇಳಿ ಟೇಪು ಬಿಚ್ಚಿದೆ.

ಅಳತೆ ಶುರುವಾಗುತ್ತಲೇ ನನಗೆ ಸೋಜಿಗ. ಕೊಳ್ಳುವವರು ಮನೆಯನ್ನು ಹಳಿಯುವುದು, ಮಾರುವವರು ಹೊಗಳುವುದು ಲೋಕರೂಢಿ. ಇಲ್ಲಿ ಎಲ್ಲ ತಿರುವುಮುರುವು. “ಈ ಗ್ವಾಡಿ ನೋಡ್ರಿ, ಮಳಿಗಾಲದಾಗ ಪೂರಾ ಹಸಿ ಆಗತೈತಿ” ಎಂದು ಗಿರಿಜಾ ತೋರಿಸಿದರೆ, ಬಸವರಾಜ ಅಡ್ಡ ಬಂದು ನಿಂತು, “ಅದೇನ್ ದೊಡ್ಡದಲ್ರೀ, ಬಣ್ಣ ಹಚ್ಚಿದ್ರ ಆತು. ಸಾಗವಾನಿ ಬಾಗಲಾ ನೋಡ್ರಿ, ಭಾಳ ಗಟ್ಟಿ ಐತಿ!” ಎನ್ನುತ್ತಿದ್ದ.

ನೀರಿನ ಟ್ಯಾಂಕು ತೋರಿಸುವ ನೆಪದಲ್ಲಿ ಅವನು ನನ್ನನ್ನು ಮಾಳಿಗೆಗೆ ಕರೆದೊಯ್ದ. “ಬೆಲೆ ಸ್ವಲ್ಪ ಹೆಚ್ಚಿಗಿ ಬರೀರಿ ಅಕ್ಕಾರ. ಅವ್ವ ಹಾಸಿಗಿ ಹಿಡದಾಗ ಆಗಿನ ನೌಕರಿ ಬಿಟ್ಟು ನೋಡ್ಕೊಂಡಾಕಿ ಗಿರಿಜಾ. ನಾನಾಗೇ ಕೊಟ್ರ ಮುಟ್ಟಂಗಿಲ್ಲ. ನೀವು ಬರದ್ರ ತಗೋತಾಳ.”

“ನನ್ನಿಂದ ಆಗೋದಿಲ್ಲ ಅಣ್ಣಾರ” ಎಂದೆ. ಅವನು ಬೇಸರದಿಂದ ಟ್ಯಾಂಕಿನ ಮುಚ್ಚಳ ಮುಚ್ಚಿದ.

ಸಂಜೆ ನನ್ನನ್ನು ಲಾಡ್ಜಿಗೆ ಬಿಡಲು ಗಿರಿಜಾ ಬಂದಳು. ಸಿಕಂದರಾಬಾದ್ ನಿಲ್ದಾಣದೆದುರಿನ ಇರಾನಿ ಹೋಟೆಲಿನಲ್ಲಿ ಕೂತೆವು. ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಆಕೆ ದನಿ ತಗ್ಗಿಸಿದಳು. “ಒಂದ್ ಮಾತ್ರೀ. ಬೆಲೆ ಇಳಿಸಿ ಬರೀರಿ. ಅಣ್ಣ ಸಾಲಾ ಮಾಡಾಕತ್ತಾನ. ಮಗಳ ಓದು ಇನ್ನೂ ಐತಿ. ಕಮ್ಮಿ ತಗೋತೀನಿ ಅಂದ್ರ ಸಿಟ್ಟಾಗ್ತಾನ.”

ನಗು ಒತ್ತಿ ಬಂತು; ಚಹಾದ ಕಪ್ಪು ಬಾಯಿಗಿಟ್ಟು ಮರೆಸಿದೆ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಆಕೆಗೂ ಆಗುವುದಿಲ್ಲವೆಂದೆ. ಲಂಚ ತಂದವರನ್ನು ಬಾಗಿಲಿಂದಲೇ ಕಳಿಸಿದ್ದೇನೆ, ಅದು ಸುಲಭ. ಪ್ರೀತಿಗಾಗಿ ಸುಳ್ಳು ಕೇಳುವವರಿಗೆ ಇಲ್ಲವೆನ್ನುವುದು ಕಷ್ಟ. ಸ್ವಲ್ಪ ಏರಿಸಿದರೂ ಇಳಿಸಿದರೂ ಯಾರೂ ದೂರುತ್ತಿರಲಿಲ್ಲ. ಆದರೆ ಇದೇ ವರದಿ ನಂಬಿ ಬ್ಯಾಂಕು ಸಾಲ ಕೊಡುವುದಿತ್ತು. ನಾಳೆ ಪಕ್ಕದ ಮನೆ ಮಾರಾಟಕ್ಕೆ ಬಂದರೆ ಅದರ ಬೆಲೆಗೂ ಇದೇ ಅಳತೆಗೋಲು.

ಮರುದಿನ ಬೆಳಿಗ್ಗೆ ಆ ಓಣಿಯನ್ನೆಲ್ಲ ಸುತ್ತಿದೆ. ಈಚೆಗೆ ಮಾರಾಟವಾದ ಮನೆಗಳನ್ನು ನೋಡಿ, ನೋಂದಣಿ ಕಚೇರಿಯಲ್ಲಿ ವಿಚಾರಿಸಿದೆ. ಹಸಿ ಗೋಡೆಯನ್ನೂ ಸಾಗವಾನಿ ಬಾಗಿಲನ್ನೂ ಲೆಕ್ಕಕ್ಕೆ ಹಿಡಿದೆ. ಮಧ್ಯಾಹ್ನ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬೆಲೆ ಓದಿದೆ.

“ಕಡಿಮಿ ಆತಲ್ರೀ!” ಎಂದ, ಕೊಳ್ಳುವ ಬಸವರಾಜ.

“ಭಾಳ ಆತಲ್ರೀ!” ಎಂದಳು, ಮಾರುವ ಗಿರಿಜಾ.

ಎರಡು ಮಾತೂ ಒಟ್ಟಿಗೇ ಬಂದವು. ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು.

“ಇವರಿಗೆ ನೀ ಏನ್ ಹೇಳಿದ್ದಿ?” ಎಂದಳು ಗಿರಿಜಾ.

“ನೀ ಏನ್ ಹೇಳಿದ್ದಿ, ಅದನ್ನ ಹೇಳು ಮೊದಲ!”

ನಾನು ತಲೆಯೆತ್ತದೆ ಟೇಪು ಸುತ್ತತೊಡಗಿದೆ. ಮೊದಲು ನಕ್ಕವಳು ಗಿರಿಜಾ. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸವರಾಜನೂ ತಡೆದುಕೊಳ್ಳಲಾಗದೆ ನಕ್ಕ.

“ಅಕ್ಕಾರು ಬರದಷ್ಟ ಕೊಡು. ಮ್ಯಾಲೆ ಒಂದ್ ಪೈಸಾನೂ ಬ್ಯಾಡ” ಎಂದಳು ತಂಗಿ.

“ಅದರಾಗ ಒಂದ್ ಪೈಸಾನೂ ನೀ ಬಿಡೂದು ಬ್ಯಾಡ.”

ಸಹಿ ಮಾಡಿ ವರದಿ ಕೈಗಿತ್ತೆ. ಅಂದಿನ ಊಟ ಮರೆಯುವಂಥದ್ದಲ್ಲ: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಣ್ಣಲ್ಲಿ ನೀರು ಬರಿಸುವ, ಪುಂಡಿ ಸೊಪ್ಪಿನ ಗೋಂಗೂರ ಚಟ್ನಿ. ನಾನು ಬೇಡವೆಂದಷ್ಟೂ ತಟ್ಟೆಗೆ ರೊಟ್ಟಿ ಬೀಳುತ್ತಿದ್ದವು, ಕೊನೆಗೆ ತಡೆಯುವುದನ್ನೇ ಬಿಟ್ಟೆ.

ಸಂಜೆ ಇಬ್ಬರೂ ನನ್ನನ್ನು ಕಳಿಸಲು ನಿಲ್ದಾಣಕ್ಕೆ ಬಂದರು. ಉಪ್ಪಲ್‌ವರೆಗೂ ತಂಗಿಯನ್ನು ತಾನೇ ಬಿಟ್ಟು ಬರುತ್ತೇನೆಂದು ಅಣ್ಣ, ಮೆಟ್ರೊ ಇರುವಾಗ ನೀನೇಕೆ ದಣಿಯುತ್ತೀ ಎಂದು ತಂಗಿ, ಪ್ಲಾಟ್‌ಫಾರ್ಮಿನ ಮೇಲೇ ಜಗಳಕ್ಕೆ ನಿಂತರು. ರೈಲು ಹೊರಟಿತು. ನನಗೆ ಕೈಬೀಸಿ ಮತ್ತೆ ಜಗಳ ಮುಂದುವರಿಸಿದರು. ಕಿಟಕಿಯಿಂದ ಬಾಗಿ ನೋಡಿದೆ: ಬಸವರಾಜ ಆಕೆಯ ಚೀಲ ಕಿತ್ತುಕೊಂಡು ಮುಂದೆ ನಡೆದಿದ್ದ, ಗಿರಿಜಾ ಬೈಯುತ್ತ, ನಗುತ್ತ ಅವನ ಹಿಂದೆ ಓಡುತ್ತಿದ್ದಳು.