ಅಳತೆಯ ಚಕ್ರಕ್ಕೆ ಇಟ್ಟ ಕುಂಕುಮ

ನನ್ನ ಗಂಡ ಬಟ್ಟೆ ಕದಿಯಲಿಲ್ಲ. ಶೆಡ್ಡಿನ ಸಾಹುಕಾರರು ಅಳತೆಯ ಚಕ್ರಕ್ಕೆ ಕುಂಕುಮ ಇಟ್ಟರು, ನಡೆದದ್ದು ಅಷ್ಟೇ.

ಎಪ್ಪತ್ತರ ದಶಕದ ಕೊನೆಯಲ್ಲಿ ಗಂಡ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ನೇಯ್ದ ಬಟ್ಟೆ ಅಳೆದು ಸುತ್ತುತ್ತಿದ್ದರು. ಅಳೆಯುವ ಯಂತ್ರದಲ್ಲಿ ಬಟ್ಟೆ ಸರಿದಂತೆ ಸೀಳುಗಳಿದ್ದ ಪುಟ್ಟ ಚಕ್ರವೊಂದು ತಿರುಗುತ್ತಿತ್ತು. ಒಳಗಿನ ದೀಪದ ಬೆಳಕು ಸೀಳಿನಿಂದ ತೂರಿದಾಗಲೆಲ್ಲ ಅಳತೆಯ ಲೆಕ್ಕ ಏರುತ್ತಿತ್ತು. ಆಯುಧಪೂಜೆಗೆ ಸಾಹುಕಾರರು ಎಲ್ಲ ಯಂತ್ರಗಳ ಜೊತೆ ಅದಕ್ಕೂ ಕಲಸಿದ ಕುಂಕುಮ ಬಳಿದರು. ಅಂದಿನಿಂದ ಬಟ್ಟೆ ಅಳತೆಯಲ್ಲಿ ಕಮ್ಮಿ ಬರತೊಡಗಿತು.

"ಬಟ್ಟೆ ಎಲ್ಲಿಗ್ ಸಾಗಿಸ್ದೆ ಹೇಳ್ಲಾ, ಇಲ್ಲಾಂದ್ರೆ ಪೊಲೀಸ್ ಕರೀತೀನಿ" ಎಂದು ಸಾಹುಕಾರರು ನನ್ನ ಗಂಡನ ಮೇಲೆ ಏರಿಹೋದರು.

ಯಂತ್ರವನ್ನೂ ಒಮ್ಮೆ ನೋಡಲೆಂದು ಕರೆಸಿದ್ದ ಬೆಂಗಳೂರಿನ ಮೆಕ್ಯಾನಿಕ್ ಬಂದು ಚಕ್ರ ನೋಡಿ ನಕ್ಕ. "ಸೀಳಿಗೆಲ್ಲಾ ಕುಂಕುಮ ಮೆತ್ತವ್ರೆ! ಬೆಳಕು ಹೆಂಗ್ ತೂರತ್ತೆ ಸ್ವಾಮಿ? ಈ ನೂಲಿನ ಧೂಳಿಗೆ ಪೂರಾ ಮುಚ್ಚಿರೋ ಚಕ್ರದ್ದೇ ತಗೋಬೇಕಿತ್ತು."

"ಮುಚ್ಬಿಟ್ರೆ ಪೂಜೆ ಯಾವುದಕ್ಕಪ್ಪಾ ಮಾಡೋದು?" ಎಂದರು ಸಾಹುಕಾರರು.

ಚಕ್ರ ಒರೆಸಿ ಅಳೆದರೆ ಬಟ್ಟೆ ಪೂರ್ತಿ ಇತ್ತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ.

"ಆ ಶೆಡ್ಡಿಗೆ ಇನ್ನು ಕಾಲಿಡಲ್ಲ ಕಣೇ" ಎನ್ನುತ್ತಾ ಗಂಡ ಬಂದು ಗೋಡೆ ಕಡೆ ತಿರುಗಿ ಮಲಗಿದರು. ನನಗೂ ಸಾಕಾಗಿತ್ತು. ಆದರೆ ಒಲೆ ಉರಿಯಬೇಕಲ್ಲ. ಮಾರನೆಯ ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಟ್ಟು ಅದೇ ಶೆಡ್ಡಿಗೆ ಕಳಿಸಿದೆ.