ಹದಿಮೂರನೆಯ ರವಿಕೆ ಕಣ

ನಮ್ಮ ಯುವತಿ ಮಂಡಳಿಗೆ ಈ ವರ್ಷ ಇಪ್ಪತ್ತೈದು ತುಂಬುತ್ತದೆ ಎಂದು ನೆನಪಿಟ್ಟುಕೊಂಡವಳು ನಾನೊಬ್ಬಳೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಪಕ್ಕದ ನಮ್ಮ ಹಳ್ಳಿಯಲ್ಲಿ ಹದಿಮೂರು ಹುಡುಗಿಯರು ಸೇರಿ ಕಟ್ಟಿದ ಮಂಡಳಿ ಅದು. ಹನ್ನೆರಡು ಜನ ಮದುವೆಯಾಗಿ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಅಂತ ಚದುರಿಹೋದರು. ನನಗೆ ಕಂಕಣಬಲ ಕೂಡಿಬರಲಿಲ್ಲ. ಅಂಗನವಾಡಿ ಟೀಚರಾಗಿ ಊರಲ್ಲೇ ಉಳಿದೆ. ಮಂಡಳಿಯ ರಿಜಿಸ್ಟರು, ಬೀರುವಿನ ಬೀಗದ ಕೈ, ಕೋಲಾಟದ ಕೋಲುಗಳೂ ನನ್ನ ಜೊತೆಗೇ ಉಳಿದವು.

ಹೊಸಕೋಟೆಯಲ್ಲಿರುವ ನಮ್ಮ ಹಳೇ ಅಧ್ಯಕ್ಷೆಗೆ ಫೋನು ಮಾಡಿದೆ.

"ಭರ್ಜರಿಯಾಗೇ ಮಾಡಣ ಕಣೇ! ಕೋಲಾಟ ಇರ್ಲಿ. ತವರಿಗೆ ಬಂದೋರಿಗೆಲ್ಲ ಮಡ್ಲು ತುಂಬಿ ಕಳ್ಸಣ. ನೀನು ಊರಲ್ಲೇ ಇದೀಯಲ್ಲ, ಎಲ್ಲ ನೋಡ್ಕೊ."

ಊರಲ್ಲೇ ಇದೀಯಲ್ಲ! ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಆದರೂ ಖುಷಿಯಿಂದಲೇ ಓಡಾಡಿದೆ. ಮದುವೆಯಾದ ಹೆಣ್ಣುಮಕ್ಕಳನ್ನು ಫೋನಿನಲ್ಲಿ ಕರೆದರೆ ನಡೆಯುವುದಿಲ್ಲ. ಮನೆಗೇ ಹೋಗಿ ಮೊದಲು ಅತ್ತೆಗೆ ಕುಂಕುಮ ಕೊಡಬೇಕು, ಆಮೇಲೆ ಸೊಸೆಗೆ. ಹನ್ನೆರಡು ಮನೆಗೂ ಬಸ್ಸು ಹತ್ತಿ ಹೋದೆ. ಅತ್ತೆಯರೆಲ್ಲ ಕಾಫಿ ಕೊಟ್ಟು ಒಂದೇ ಪ್ರಶ್ನೆ ಕೇಳಿದರು.

"ನಿಮ್ಗೆಷ್ಟು ಮಕ್ಳಮ್ಮಾ?"

"ಮೂವತ್ತು" ಎಂದೆ. ಅಂಗನವಾಡಿಯ ಹಾಜರಿಯಲ್ಲಿ ಅಷ್ಟಿವೆ.

ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ ಊರಲ್ಲೇ ಸಿಕ್ಕವು. ರವಿಕೆ ಕಣ ತರಲು ದೊಡ್ಡಬಳ್ಳಾಪುರಕ್ಕೆ ಹೋದೆ. ಅಂಗಡಿಯವನಿಗೆ ಹನ್ನೆರಡು ಅಂದೆ. ಯಾರಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನನಗೆ ಈಗಲೂ ನೆನಪಿದೆ. ಒಂದೊಂದೇ ಆರಿಸಿ ಇಟ್ಟೆ. ಕೊನೆಗೆ ಒಂದು ಗಿಣಿಹಸಿರು ಕಣ ಕಂಡಿತು. ಆ ಬಣ್ಣ ನನ್ನದು. ಹದಿಮೂರು ಜನರ ಮಂಡಳಿಗೆ ಹನ್ನೆರಡು ಕಣ! ಪಟ್ಟಿ ಬರೆದವಳೂ ನಾನೇ, ನನ್ನನ್ನು ಬಿಟ್ಟವಳೂ ನಾನೇ. ಅದನ್ನೂ ಕಟ್ಟಿಸಿಕೊಂಡೆ.

ಬಸ್‌ ಸ್ಟ್ಯಾಂಡಿನಿಂದಲೇ ಅಧ್ಯಕ್ಷೆಗೆ ಫೋನು ಮಾಡಿದೆ.

"ನಂಗೂ ಮಡ್ಲು ತುಂಬ್ತೀರೇನೇ?"

ಅವಳು ಜೋರಾಗಿ ನಕ್ಕಳು. "ನಿಂಗ್ಯಾಕೇ? ನೀನೆಲ್ಲಿಗೆ ಹೋಗಿದ್ದೆ, ತವರಿಗೆ ಬರಕ್ಕೆ?"

ನಾನೂ ನಕ್ಕೆ. ಬಹಳ ನೋವಾಗಿತ್ತು, ಆದರೂ ನಕ್ಕೆ. ಅವಳು ಕೆಟ್ಟವಳಲ್ಲ, ಪದ್ಧತಿ ಇರುವುದೇ ಹಾಗೆ.

"ಕೋಲಾಟಕ್ಕೆ ತಾಳ ನಿಂದೇ ತಾನೆ?" ಎಂದಳು.

ಮಂಡಳಿ ಕಟ್ಟಿದ ಕಾಲದಲ್ಲಿ ಹನ್ನೆರಡು ಜನ ಜೋಡಿ ಜೋಡಿಯಾಗಿ ಕೋಲು ಹೊಡೆಯುತ್ತಿದ್ದರು. ಜೋಡಿಯಿಲ್ಲದ ನಾನು ಸುತ್ತಿನ ಹೊರಗೆ ನಿಂತು ತಾಳ ಹಾಕುತ್ತಿದ್ದೆ.

"ಹೂಂ, ನಂದೇ" ಎಂದೆ.

ಊರಿಗೆ ಬಂದವಳೇ ಹಸಿರು ಕಣವನ್ನು ಹೊಲಿಯಲು ಕೊಟ್ಟೆ. ಊರಿನ ಮುತ್ತೈದೆಯರು ಹನ್ನೆರಡು ಮಡಿಲು ತುಂಬುವಾಗ ಪಕ್ಕದಲ್ಲಿ ತಟ್ಟೆ ಹಿಡಿಯುವವಳು ನಾನೇ ತಾನೆ? ಆ ರವಿಕೆಯನ್ನೇ ತೊಟ್ಟು ಹಿಡಿಯುತ್ತೇನೆ.