ದೊಡ್ಡವ್ವನ ಮಿಲಿಟರಿ ಗಾಡಿ

ಖಾಜಾ ಈಗಷ್ಟೇ ಬಾನೆಟ್ ಎತ್ತಿದ. ಹಳೆಯ ಡೀಸೆಲ್ ವಾಸನೆ ಅಂಗಳದ ತುಂಬ ಹರಡಿತು. ನಿಮಗೆ ಈ ವಾಸನೆ ಹಿಡಿಸಲಿಕ್ಕಿಲ್ಲ, ಮೂಗು ಮುಚ್ಚಿಕೊಳ್ಳಬಹುದು. ನನಗೆ ಮಾತ್ರ ಇದು ದೊಡ್ಡವ್ವನ ಸೆರಗಿನ ವಾಸನೆ.

ಖಾಜಾ ಸಿಂಧನೂರಿನಲ್ಲಿ ಗುಜರಿ ವ್ಯಾಪಾರ ಮಾಡುವವನು. ಗಾಡಿಯನ್ನು ತುಂಡು ಮಾಡಿ ಒಯ್ಯಲು ಗ್ಯಾಸ್ ಕಟರ್ ತಂದಿದ್ದಾನೆ. ಕರೆಸಿದವನು ನಾನೇ. ಹಿಂದಿನ ಚಕ್ರದ ಮೇಲೆ ಭಾರ ತಡೆಯುವ ಸ್ಪ್ರಿಂಗಿನ ಕಮಾನು ಪಟ್ಟಿ ಮುರಿದಿದೆ. ಬದಲಿ ಪಟ್ಟಿಯನ್ನೂ ಹುಡುಕಿ ತಂದೆ. ಆದರೆ ಹಳೆಯದನ್ನು ಬಿಗಿದ ನಟ್ಟು ತುಕ್ಕು ಹಿಡಿದು ಕೂತಿದೆ. ಸ್ಪ್ಯಾನರ್ ಜಾರಿ ನನ್ನ ಅಂಗೈ ಸುಲಿಯಿತು, ಲಿಂಗಸುಗೂರಿನ ಮಿಸ್ತ್ರಿ ಕೈಚೆಲ್ಲಿ ಹೋದ. ದೊಡ್ಡವ್ವನ ಮಕ್ಕಳು, "ಅವ್ವನೂ ಹೋದ್ಲು, ಇನ್ನ ಇದ್ಯಾಕ ಬೇಕು, ಕೊಟ್ಟುಬಿಡು" ಎಂದರು. ನಾನೂ ಸೋತು ಹೂಂ ಎಂದೆ.

ಸೈನ್ಯದ ಹಳೆಯ ಲಾರಿಗಳ ಹರಾಜಿನಲ್ಲಿ ಈ ಗಾಡಿಯನ್ನು ಹಿಡಿದು ಮಸ್ಕಿಗೆ ತಂದವರು ದೊಡ್ಡಪ್ಪ. ತಂದ ಮೇಲೆ ಅದರ ಗೊಡವೆಗೆ ಹೋಗಲಿಲ್ಲ. ಸಾಕಿದವಳು ದೊಡ್ಡವ್ವ. ಮಿಲಿಟರಿ ಹಸಿರು ಬಣ್ಣ ಊರ ಗಾಡಿಗೆ ಇರಬಾರದೆಂದು ಹಳದಿ ಹಚ್ಚಿಸಿದಳು. ಪ್ರತಿ ಬೇಸಿಗೆಗೆ ಹಳದಿ ಸುಲಿದು ಹಸಿರು ಇಣುಕುತ್ತಿತ್ತು. ಸ್ಟೇರಿಂಗ್ ನನ್ನ ಕೈಯಲ್ಲಿ, ಹಾರನ್ ಮಾತ್ರ ಅವಳದು. ಪಕ್ಕದಿಂದ ಬಾಗಿ ತನಗೆ ಬೇಕೆನಿಸಿದಾಗೆಲ್ಲ ಒತ್ತುತ್ತಿದ್ದಳು.

ಅದಕ್ಕೆ ಹೊಸ ಸಾಮಾನು ಸಿಗುತ್ತಿರಲಿಲ್ಲ, ಸಿಕ್ಕರೂ ನಮಗೆ ಎಟುಕುತ್ತಿರಲಿಲ್ಲ. ಎಣ್ಣೆ ಸೋರಿದರೆ ಟ್ರ್ಯಾಕ್ಟರಿನ ಸೀಲ್, ವಾಷರ್ ಬೇಕಾದರೆ ಚಪ್ಪಲಿ ಹೊಲಿಯುವವನ ತೊಗಲು. ಬ್ಯಾಟರಿಯಂತೂ ಯಾವತ್ತೂ ಅರೆಜೀವ. ಹೀಗಾಗಿ ಗಾಡಿಯನ್ನು ಇಳಿಜಾರು ನೋಡಿಯೇ ನಿಲ್ಲಿಸಬೇಕು, ಉರುಳಿಸಿಯೇ ಚಾಲೂ ಮಾಡಬೇಕು. ಬೀಗರ ಮನೆ ಸಪಾಟು ನೆಲದಲ್ಲಿದ್ದರೆ ದೊಡ್ಡವ್ವ ಊಟಕ್ಕೆ ಇಳಿಯುತ್ತಿರಲಿಲ್ಲ. ಎಂಜಿನ್ ಗುಡುಗುತ್ತಿರುವಾಗಲೇ ಕೂತಲ್ಲಿ ನೀರು ಕುಡಿದು, ಕ್ಷೇಮ ಸಮಾಚಾರ ಕೂಗಿ ಹೇಳಿ ಹೊರಡುತ್ತಿದ್ದಳು. ಬೀಗರಿಗೆ ಸಿಟ್ಟು ಬಂದರೆ ಬರಲಿ, ಗಾಡಿ ಬಂದ್ ಆಗಬಾರದು.

ಒಮ್ಮೆ ಸಂತೆಕಲ್ಲೂರಿನ ಹತ್ತಿರ ರೇಡಿಯೇಟರ್ ಸೋರತೊಡಗಿತು. ಇಂಥ ಹೊತ್ತಿಗೆ ನಮ್ಮ ಕಡೆ ಡ್ರೈವರುಗಳು ಅದರೊಳಗೆ ಒಂದು ಹಿಡಿ ಅರಿಶಿನ ಹಾಕುತ್ತಾರೆ, ತೂತು ಕಟ್ಟಿಕೊಳ್ಳುತ್ತದೆ. ಆವತ್ತು ಅರಿಶಿನ ಇರಲಿಲ್ಲ. ದೊಡ್ಡವ್ವ ಚೀಲದಲ್ಲಿದ್ದ ಜೋಳದ ಹಿಟ್ಟನ್ನೇ ಸುರಿದಳು. ಹಿಟ್ಟು ಒಳಗೇ ಬೆಂದು, ಮುಚ್ಚಳ ಹಾರಿ, ಬಿಸಿ ಅಂಬಲಿ ಬಾನೆಟ್ ತುಂಬ ಉಕ್ಕಿತು. ಪಕ್ಕದಲ್ಲಿ ನಿಂತ ಆಟೋದಿಂದ ಒಬ್ಬ ಇಣುಕಿ, "ಯವ್ವಾ, ಅಂಬಲಿ ಆಗೇತಿ, ಉಪ್ಪು ಹಾಕ್ರಿ" ಎಂದ.

"ಉಪ್ಪು ನಿಮ್ಮನಿಯಾಗಿಂದ ತಾ. ಗಾಡಿ ಸೋರೂದು ನಿಂತತೋ ಇಲ್ಲೋ, ಅದನ್ನ ನೋಡು."

ಸೋರುವುದು ನಿಂತಿತ್ತು, ನಿಜ. ಒಳಗೆ ನೀರು ಹರಿಯುವುದೂ ನಿಂತಿತ್ತು. ಆ ಗಂಜಿಯನ್ನು ತೊಳೆದು ತೆಗೆಯುವಷ್ಟರಲ್ಲಿ ನನ್ನ ಜೀವ ಹೈರಾಣಾಯಿತು. ತಪ್ಪಾಯಿತೆಂದು ಅವಳು ಕೊನೆಯವರೆಗೂ ಒಪ್ಪಲಿಲ್ಲ.

ನಗಬೇಡಿ. ಕೊಯ್ಲಿನ ಹೊತ್ತಿಗೆ ಮಳೆ ಹೊಡೆದ ವರ್ಷ ದಢೇಸುಗೂರಿಗೆ ಬಂದಿದ್ದರೆ ನೀವೂ ನೋಡುತ್ತಿದ್ದಿರಿ. ಹೊಳೆಯುವ ಹೊಸ ಲಾರಿಗಳು ಕಾಲುವೆ ದಂಡೆಯ ಮೇಲೆ ಸಾಲಾಗಿ ನಿಂತಿದ್ದವು, ಒಂದೂ ಗದ್ದೆಗೆ ಇಳಿಯಲಿಲ್ಲ. ಹಸಿ ಭತ್ತ ಕೆಸರಿನಲ್ಲೇ ಮೊಳಕೆಯೊಡೆಯುವ ಹಾಗಿತ್ತು. ನಮ್ಮ ಗಾಡಿಯಲ್ಲಿ ಹಿಂದಿನವಷ್ಟೇ ಅಲ್ಲ, ಮುಂದಿನ ಚಕ್ರಗಳೂ ಎಳೆಯುತ್ತವೆ, ಕೆಸರಿಗೆ ಹೆದರುವುದಿಲ್ಲ. ದೊಡ್ಡವ್ವ ಹಾರನ್ ಒತ್ತಿ, "ಇಳಿಸಲೇ" ಎಂದಳು. ಇಳಿಸಿದೆ. ಚೀಲಗಳೆಲ್ಲ ರಸ್ತೆಗೆ ಬರುವವರೆಗೆ ಗಾಡಿ ನಿಲ್ಲಲಿಲ್ಲ.

ಇಂಥ ಗಾಡಿಯನ್ನು ಜನ ಗುಜರಿ ಎನ್ನುವುದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡುವವನು ಗತಿಗೇಡಿ, ಎಸೆಯುವವನು ಜಾಣ ಎಂದು ನಮಗೆ ಯಾರು ಹೇಳಿಕೊಟ್ಟರು? ನಾನಾದರೂ ಒಂದು ನಟ್ಟು ತಿರುಗಲಿಲ್ಲವೆಂದು ಇಡೀ ಗಾಡಿಯನ್ನೇ ಕೊಯ್ಯಿಸಲು ಹೊರಟಿದ್ದೇನೆ.

ಖಾಜಾ ಕಟರ್ ಹೊತ್ತಿಸಿದ. ನೀಲಿ ಉರಿ ಸುಯ್ ಎಂದಿತು.

"ಎಲ್ಲಿಂದ ಶುರು ಮಾಡ್ಲಿ ಅಣ್ಣಾ?"

"ಕೆಳಗ ಆ ನಟ್ ಐತಲ್ಲ, ಅಲ್ಲಿಂದ. ಕೊಯ್ಯಬ್ಯಾಡ ಖಾಜಾಭಾಯಿ, ಬರೇ ಕಾಸು."

ಅವನು ನನ್ನ ಮುಖ ನೋಡಿದ, ಬಗ್ಗಿ ಕಾಸಿದ. ನಟ್ಟು ಕೆಂಪಗಾಯಿತು. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ನನ್ನ ಭಾರವನ್ನೆಲ್ಲ ಅದರ ಮೇಲೆ ಹಾಕಿದೆ. ಕಿರ್ ಎಂದಿತು, ಅಲುಗಿತು, ಆಮೇಲೆ ಸರಾಗವಾಗಿ ತಿರುಗಿ ಕೆಳಗೆ ಬಿತ್ತು. ಸುಲಿದ ಅಂಗೈ ಉರಿಯುತ್ತಿದ್ದರೂ ನನಗೆ ನಗು ತಡೆಯಲಿಲ್ಲ.

ಖಾಜಾ ಉರಿ ಆರಿಸಿದ. "ಏನ್ ಮಾಡಾಕತ್ತೀರಿ ನೀವು?"

"ರಿಪೇರಿ."

"ಮತ್ತ ನಾ ಸಿಂಧನೂರಿಗೆ ಏನ್ ಒಯ್ಲಿ?"

ನಟ್ಟನ್ನು ಇಕ್ಕಳದಲ್ಲಿ ಹಿಡಿದು ಅವನ ಮುಂದೆ ಚಾಚಿದೆ.

"ಇದನ್ನ ಒಯ್ಯಿ. ಇನ್ನೂ ಬಿಸಿ ಐತಿ, ಹುಷಾರು."